ಮೋಟರ್‌ಹೋಮ್‌ ಬಚ್ಚಲಿನ ಸಿಲಿಕೋನ್ ಮತ್ತೆ ಮತ್ತೆ ಏಕೆ ಬಿಡುತ್ತದೆ?

ಪ್ರಶ್ನೆ: ನಾವು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇವೆ. ಕಳೆದ ವರ್ಷ ಹಳೆಯ ಮೋಟರ್‌ಹೋಮ್ (ಒಳಗೇ ವಾಸಿಸುವ ಸೌಕರ್ಯವಿರುವ ಗಾಡಿ) ಒಂದನ್ನು ಕೊಂಡೆವು. ಅದರ ಶವರ್ ಟ್ರೇಗೂ (ನಿಂತು ಸ್ನಾನ ಮಾಡುವ ತಟ್ಟೆಯಂಥ ತಳ) ಗೋಡೆಗೂ ನಡುವಿನ ಸಂದಿಯನ್ನು ಮುಚ್ಚುವ ಸಿಲಿಕೋನ್ ಅಂಟು ಕಪ್ಪಾಗಿತ್ತು. ಅದರ ಮೇಲೆಯೇ ಹೊಸದನ್ನು ಹಾಕಿದೆವು. ಸ್ಕಾಟ್ಲೆಂಡಿಗೆ ಹೋಗಿ ಬರುವಷ್ಟರಲ್ಲಿ ಅದೂ ಬಿಟ್ಟಿತು. ಬಚ್ಚಲಿನ ಹೊರಗೆ ನೆಲವೂ ಒಂದು ಕಡೆ ಮೆತ್ತಗಾಗಿದೆ. ಯಾವ ಸಿಲಿಕೋನ್ ತರಬೇಕು? ಈ ಕೆಲಸವನ್ನು ನಾವೇ ಮಾಡಿಕೊಳ್ಳಬಹುದೇ?
— ಓದುಗರೊಬ್ಬರು, ಲೀಡ್ಸ್

ಉತ್ತರ: ನೀವೇ ಮಾಡಿಕೊಳ್ಳಬಹುದು, ಆದರೆ ಸಿಲಿಕೋನ್ ಕೊಳ್ಳುವುದು ಕೊನೆಯ ಕೆಲಸವಾಗಲಿ. ನೆಲ ಮೆತ್ತಗಾಗಿದೆ ಎಂದು ಬರೆದಿದ್ದೀರಿ. ಹಾಗಾಗಿ ನೀರು ಎಲ್ಲಿಂದ ಇಳಿಯುತ್ತಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಒಂದು ಜಗ್ ನೀರನ್ನು ನೇರವಾಗಿ ಡ್ರೈನಿನ ಬಾಯಿಗೆ ಸುರಿದು ಟ್ರೇಯ ಕೆಳಗೆ ನೋಡಿ. ಅಲ್ಲಿ ಹನಿ ಕಂಡರೆ ದೋಷ ಕೊಳವೆಯ ಜೋಡಣೆಯದು. ಚಳಿಗಾಲದಲ್ಲಿ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಇಂತಹ ಜೋಡಣೆಗಳು ಸೀಳುವುದುಂಟು. ಜೋಡಣೆ ಒಣಗಿಯೇ ಇದ್ದರೆ ಡ್ರೈನನ್ನು ಮುಚ್ಚಿ, ಟ್ರೇಯಲ್ಲಿ ಸ್ವಲ್ಪ ನೀರನ್ನು ಒಂದು ಗಂಟೆ ನಿಲ್ಲಿಸಿ. ಆಗ ಇಳಿದರೆ ಟ್ರೇಯಲ್ಲಿಯೋ ಡ್ರೈನಿನ ಅಂಚಿನಲ್ಲಿಯೋ ಬಿರುಕಿದೆ. ಎರಡೂ ಸರಿಯಿದ್ದು, ಸಂದಿಗೆ ಶವರ್ ಹಿಡಿದಾಗ ಮಾತ್ರ ನೀರು ಜಿನುಗಿದರೆ ದೋಷ ಸಿಲಿಕೋನಿನದೇ.

ಮನೆಯ ಬಚ್ಚಲು ಅಲುಗಾಡುವುದಿಲ್ಲ, ಗಾಡಿಯ ಬಚ್ಚಲು ದಾರಿಯುದ್ದಕ್ಕೂ ಅಲುಗಾಡುತ್ತದೆ. ತೆಳುವಾದ ಎಬಿಎಸ್ ಪ್ಲಾಸ್ಟಿಕ್ಕಿನ ಟ್ರೇಯ ಕೆಳಗೆ ಎಷ್ಟೋ ಗಾಡಿಗಳಲ್ಲಿ ಪೊಳ್ಳು ಜಾಗವಿರುತ್ತದೆ. ಅದರ ಮೇಲೆ ನಿಂತಾಗ ತಳ ತಗ್ಗಿದರೆ, ನೀವು ಪ್ರತಿ ಬಾರಿ ಸ್ನಾನಕ್ಕೆ ನಿಂತಾಗಲೂ ಅಂಚು ಗೋಡೆಯಿಂದ ದೂರ ಸರಿದು ಸಿಲಿಕೋನನ್ನು ಎಳೆಯುತ್ತಿರುತ್ತದೆ ಎಂದರ್ಥ. ತಳಕ್ಕೆ ಗಟ್ಟಿ ಆಧಾರ ಕೊಡದೆ ಎಷ್ಟು ದುಬಾರಿ ಸಿಲಿಕೋನ್ ತಂದರೂ ಅದು ಬಾಳಿಕೆ ಬರುವುದಿಲ್ಲ.

ಹಳೆಯದರ ಮೇಲೆ ಹೊಸದನ್ನು ಹಾಕಿದ್ದು ಬಿಟ್ಟುಹೋದದ್ದು ಸಹಜ, ಏಕೆಂದರೆ ಗಟ್ಟಿಯಾದ ಸಿಲಿಕೋನಿಗೆ ಹೊಸ ಸಿಲಿಕೋನ್ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಹಳೆಯದನ್ನು ಪೂರ್ತಿ ಕೆರೆದು ತೆಗೆಯಿರಿ. ಅಸಿಟೋನನ್ನು ಮಾತ್ರ ಮುಟ್ಟಬೇಡಿ, ಅದು ಎಬಿಎಸ್ಸನ್ನೇ ಕರಗಿಸುತ್ತದೆ. ಕೊನೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಸ್ವಚ್ಛವಾದ ಕಡೆ ನೀರು ತೆಳ್ಳಗೆ ಹರಡುತ್ತದೆ. ಅದು ಮಣಿಗಳಾಗಿ ನಿಂತ ಕಡೆ ಇನ್ನೂ ಸಿಲಿಕೋನಿನ ಪೊರೆ ಉಳಿದಿದೆ, ಅಲ್ಲಿ ಮತ್ತೆ ಕೆರೆಯಬೇಕು.

ಸಂದನ್ನು ಬೂಷ್ಟು ನಾಶಕದಿಂದ ತೊಳೆದ ನಂತರ ಅದನ್ನೂ ನೆಲವನ್ನೂ ಒಣಗಲು ಬಿಡಿ. ಈ ಹಂತದಲ್ಲಿ ಆತುರಪಡಬೇಡಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಒದ್ದೆಯಿರುವಾಗಲೇ ಸಂದನ್ನು ಮುಚ್ಚಿದರೆ ನೆಲದ ಪ್ಲೈವುಡ್ ಒಳಗೊಳಗೇ ಕೊಳೆಯುತ್ತದೆ. ಬ್ರಿಟನ್ನಿನಲ್ಲಿ ಕ್ಯಾರವಾನ್ (ಕಾರಿನ ಹಿಂದೆ ಎಳೆಯುವ ವಾಸದ ಗಾಡಿ) ಪರೀಕ್ಷಿಸುವವರು ತೇವಮಾಪಕದಲ್ಲಿ ಸುಮಾರು 15%ವರೆಗಿನ ಅಂಕಿಯನ್ನು ಸಹಜವೆಂದೂ, 20% ದಾಟಿದರೆ ತನಿಖೆ ಬೇಕೆಂದೂ ಪರಿಗಣಿಸುತ್ತಾರೆ. ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಹಲವು ದಿನ ಓಡಲಿ. ಚೂಪಾದ ಮೊಳೆ ಸುಲಭವಾಗಿ ಇಳಿಯುವ ಹಲಗೆಯನ್ನು ಕತ್ತರಿಸಿ ಬದಲಾಯಿಸುವುದೇ ಸರಿ.

ಈಗ ಸಿಲಿಕೋನಿನ ವಿಷಯ. ಬಚ್ಚಲಿಗೆಂದೇ ತಯಾರಾದ, ಬೂಷ್ಟು ತಡೆಯುವ ಔಷಧ ಬೆರೆತ, ಹೆಚ್ಚು ಹಿಗ್ಗಬಲ್ಲ ನ್ಯೂಟ್ರಲ್ ಕ್ಯೂರ್ (ಗಟ್ಟಿಯಾಗುವಾಗ ಆಮ್ಲ ಬಿಡದ) ಬಗೆಯದನ್ನು ಕೇಳಿ ಪಡೆಯಿರಿ. ವಿನಿಗರ್ ವಾಸನೆ ಬರುವುದು ಬೇರೆ ಬಗೆ, ಅದು ಬೇಡ. ಟ್ರೇಯಲ್ಲಿ ಎರಡು ಮೂರು ತುಂಬಿದ ನೀರಿನ ಕ್ಯಾನುಗಳನ್ನಿಟ್ಟು, ಸಂದು ಪೂರ್ತಿ ತೆರೆದಿರುವಾಗಲೇ ಹಾಕಿರಿ, ಗಟ್ಟಿಯಾಗುವವರೆಗೆ ಭಾರವನ್ನು ತೆಗೆಯಬೇಡಿ. ಎರಡು ಬದಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ, ಒಂದೇ ಎಳೆತಕ್ಕೆ ಸಿಲಿಕೋನ್ ಗನ್ ಓಡಿಸಿ, ಮೇಲೆ ಕೆನೆ ಕಟ್ಟುವ ಮೊದಲೇ ನಯಗೊಳಿಸಿ ಟೇಪ್ ಬಿಡಿಸಿರಿ. ಬಾಗಿಲಿನ ಚೌಕಟ್ಟಿಗೆ ಹೊರಬದಿಯಲ್ಲಿ ಮಾತ್ರ ಸಿಲಿಕೋನ್ ಸಾಕು. ಒಳಬದಿಯನ್ನೂ ಮುಚ್ಚಿದರೆ ಚೌಕಟ್ಟಿನೊಳಗೆ ಹೊಕ್ಕ ನೀರಿಗೆ ಟ್ರೇಗೆ ಮರಳುವ ದಾರಿಯಿರುವುದಿಲ್ಲ. ಸಿಲಿಕೋನ್ ದಿನಕ್ಕೆ ಎರಡು ಮೂರು ಮಿಲಿಮೀಟರ್ ಆಳದಷ್ಟು ಮಾತ್ರ ಗಟ್ಟಿಯಾಗುತ್ತದೆ, ಚಳಿಯಲ್ಲಿ ಇನ್ನೂ ನಿಧಾನ. ಅಲ್ಲಿಯವರೆಗೆ ಸ್ನಾನವೂ ಬೇಡ, ಗಾಡಿ ಓಡಿಸುವುದೂ ಬೇಡ. ಆಮೇಲೆ ಕೆಳಗೆ ಒಣ ಟಿಶ್ಯೂ ಕಾಗದ ಹಾಸಿ ಮೊದಲಿನ ಪರೀಕ್ಷೆಗಳನ್ನು ಇನ್ನೊಮ್ಮೆ ನಡೆಸಿ, ಕಾಗದ ಒಣಗಿಯೇ ಇದ್ದರೆ ಒಣಗಿಸಲೆಂದು ತೆರೆದಿಟ್ಟ ನೆಲವನ್ನು ಮುಚ್ಚಬಹುದು.