ಜರ್ಮನರ ವಶದಲ್ಲಿದ್ದ ಪ್ಯಾರಿಸ್‌ನಲ್ಲಿ ನಾಟಕ, ಸಿನಿಮಾ, ಸಂಗೀತ ಯಾಕೆ ನಿಲ್ಲಲಿಲ್ಲ?

ಯಾಕಂದ್ರೆ ಅವು ನಡೆಯೋದು ಜರ್ಮನರಿಗೇ ಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ, 1940ರ ಜೂನ್ 14ಕ್ಕೆ ಪ್ಯಾರಿಸ್ ಅವರ ಕೈ ಸೇರಿತು. ಜನ ದಂಗೆ ಏಳದೆ ಇರಬೇಕಾದರೆ ಊರು ಮಾಮೂಲಿನಂತೆ ಕಾಣಬೇಕು, ಅಲ್ವಾ? ರಜೆಗೆ ಬರುವ ತಮ್ಮ ಸೈನಿಕರಿಗೂ ಮೋಜು ಬೇಕು. ಹಾಗಾಗಿ ಥಿಯೇಟರ್, ಕ್ಯಾಬರೆಗಳು ಬೇಗನೇ ಮತ್ತೆ ಬಾಗಿಲು ತೆರೆದವು.

ಆದರೆ ಜುಟ್ಟು ಅವರ ಕೈಯಲ್ಲೇ ಇತ್ತು. ನಾಟಕ ಸೆನ್ಸಾರ್ ದಾಟಬೇಕು, ಸಿನಿಮಾದಲ್ಲಿ ಕೆಲಸ ಮಾಡಲು ಕಾರ್ಡ್ ಬೇಕು. ಯಹೂದಿಗಳಿಗೆ ಆ ಕಾರ್ಡ್ ಇಲ್ಲ. ಹೀಗಾಗಿ ಒಬ್ಬರಿಗೆ ಸಿಕ್ಕ ಕೆಲಸ ಎಷ್ಟೋ ಸಲ ಇನ್ನೊಬ್ಬರಿಂದ ಕಿತ್ತುಕೊಂಡದ್ದೇ ಆಗಿರುತ್ತಿತ್ತು. ನನಗೆ ಇಡೀ ಕಥೆಯಲ್ಲಿ ಜಾಸ್ತಿ ಚುಚ್ಚುವುದು ಇದೇ. ಜರ್ಮನ್ ಹಣದ 'ಕಾಂಟಿನೆಂಟಲ್ ಫಿಲ್ಮ್ಸ್' ಕಂಪನಿ ಫ್ರೆಂಚ್ ಕಲಾವಿದರನ್ನೇ ಇಟ್ಟುಕೊಂಡು 30 ಸಿನಿಮಾ ತೆಗೆಯಿತು. ಥಿಯೇಟರಲ್ಲಿ ಜರ್ಮನ್ ವಾರ್ತಾಚಿತ್ರ ಬಂದಾಗ ಜನ ಕತ್ತಲಲ್ಲಿ ಶಿಳ್ಳೆ ಹೊಡೆದು ಗೇಲಿ ಮಾಡುತ್ತಿದ್ದರು. ಅದಕ್ಕೇ ಅಷ್ಟು ಹೊತ್ತು ದೀಪ ಪೂರ್ತಿ ಆರಿಸಬಾರದು ಅಂತ ಹುಕುಂ ಬಂತು!

ನಿಯಮವೂ ಎಲ್ಲರಿಗೂ ಒಂದೇ ಇರಲಿಲ್ಲ. ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ರೋಮಾ (ಜಿಪ್ಸಿ ಎಂದು ಕರೆಯುತ್ತಿದ್ದ) ಸಮುದಾಯದವರು. ಆ ಜನರನ್ನು ನಾಜಿಗಳು ಕ್ಯಾಂಪುಗಳಿಗೆ ಅಟ್ಟುತ್ತಿದ್ದರು, ಜಾಜ್ ಸಂಗೀತ ಕಂಡರಂತೂ ನಾಜಿಗಳಿಗೆ ಆಗುತ್ತಿರಲಿಲ್ಲ. ಆದರೂ ಜ್ಯಾಂಗೊ ಜಾಜ್ ನುಡಿಸುತ್ತಲೇ ಇದ್ದರು, ಕೇಳುವವರಲ್ಲಿ ಜರ್ಮನ್ ಅಧಿಕಾರಿಗಳೂ ಇದ್ದರು. ಈ ರಕ್ಷೆ ಎಷ್ಟು ದಿನವೋ ಎಂಬ ಭಯ ಇರದೆ ಇರುತ್ತದೆಯೇ? 1943ರಲ್ಲಿ ಸ್ವಿಟ್ಜರ್ಲೆಂಡ್‌ಗೆ ತಪ್ಪಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಚಿತ್ರಕಲಾವಿದ ಪಿಕಾಸೊಗೆ ಪ್ರದರ್ಶನಕ್ಕೇ ನಿಷೇಧವಿತ್ತು. ಅವರು ತಮ್ಮ ಸ್ಟುಡಿಯೋದಲ್ಲೇ ಉಳಿದು ಚಿತ್ರ ಬರೆಯುತ್ತಿದ್ದರು.