‘ರಕ್ತದಲ್ಲೇ ಇದೆ’ ಎನ್ನುವವರಿಗೆ

‘ನನ್ನ ಮಾವ ಕುಡಿದೇ ಸತ್ತರು. ಗಂಡನೂ ಅದೇ ದಾರಿಯಲ್ಲಿದ್ದಾರೆ. ಇದು ರಕ್ತದಲ್ಲೇ ಇದೆ ಅಂತಾರೆ ಮನೆಯವರು. ಹದಿನಾಲ್ಕರ ಮಗನಿಗೆ ಜೀನ್ ಪರೀಕ್ಷೆ ಮಾಡಿಸಿದರೆ ಮುಂದೇನು ಅಂತ ತಿಳಿಯುತ್ತದೆಯೆ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ತಿಳಿಯುವುದಿಲ್ಲ, ತಾಯಿ. ಮಾಡಿಸಬೇಡಿ.

ವಂಶವಾಹಿಯ ಪಾಲಿಲ್ಲ ಎನ್ನುತ್ತಿಲ್ಲ. ಅವಳಿಗಳನ್ನೂ ದತ್ತು ಹೋದ ಮಕ್ಕಳನ್ನೂ ಅಧ್ಯಯನ ಮಾಡಿದವರು, ಮದ್ಯದ ಚಟದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧಕ್ಕೆ ಅದೇ ಕಾರಣ ಎನ್ನುತ್ತಾರೆ. ಒಪ್ಪಿದೆ. ಆದರೆ ಅದು ಇಡೀ ಸಮೂಹದ ಲೆಕ್ಕ, ನಿಮ್ಮ ಮಗನ ಹಣೆಬರಹವಲ್ಲ. ‘ಕುಡುಕ ಜೀನ್’ ಎಂಬ ಒಂದು ಜೀನೂ ಇಲ್ಲ. 2019ರಲ್ಲಿ 12 ಲಕ್ಷ ಜನರ ಮಾಹಿತಿ ಜಾಲಾಡಿದಾಗ ತಂಬಾಕು, ಮದ್ಯದ ಬಳಕೆಗೆ ನಂಟಿರುವ 400ಕ್ಕೂ ಹೆಚ್ಚು ತಾಣಗಳು ವಂಶವಾಹಿಗಳ ಸರಪಳಿಯಲ್ಲಿ ಸಿಕ್ಕವು. ಒಂದೊಂದರ ಪ್ರಭಾವವೂ ಸಾಸಿವೆಯಷ್ಟು.

ಎದ್ದು ಕಾಣುವಷ್ಟು ಬಲವಿರುವ, ಜೀನಿನ ಒಂದು ರೂಪಾಂತರವಿದೆ, ಅದು ಕಾಪಾಡುವಂಥದ್ದು. ಮದ್ಯದಿಂದ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಒಡೆಯುವ ಕಿಣ್ವ ಇದರಿಂದಾಗಿ ಪೂರ್ವ ಏಷ್ಯಾದ ಅನೇಕರಲ್ಲಿ ದುರ್ಬಲ. ನಾಲ್ಕು ಗುಟುಕಿಗೇ ಮುಖ ಕೆಂಪೇರಿ, ಎದೆ ಡವಗುಟ್ಟಿ, ಹೊಟ್ಟೆ ತೊಳಸುತ್ತದೆ. ಅಂಥವರು ಚಟಕ್ಕೆ ಬೀಳುವುದು ಕಡಿಮೆ. ಆದರೂ ಜಪಾನಿನ ಮದ್ಯವ್ಯಸನಿಗಳಲ್ಲಿ ಈ ರೂಪಾಂತರವನ್ನು ತಂದೆ ತಾಯಿಯರಲ್ಲಿ ಒಬ್ಬರಿಂದ ಪಡೆದವರು 1979ರಲ್ಲಿ ಶೇ. 2.5 ಇದ್ದದ್ದು 1992ಕ್ಕೆ ಶೇ. 13 ಆದರು. ಹದಿಮೂರು ವರ್ಷದಲ್ಲಿ ಒಂದು ಜನಾಂಗದ ರಕ್ತ ಬದಲಾಗುತ್ತದೆಯೆ? ಬದಲಾದದ್ದು ಸುತ್ತಲಿನ ಬದುಕು. ಈ ಅಂಕಿಯನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೇನೆ.

ನನ್ನ ಗೆಳೆಯನೊಬ್ಬನ ತಂದೆ ಕುಡಿತದಿಂದ ಹೋದವರು. ಇವನು ಸಂಜೆ ಮನೆಗೆ ಬಂದರೆ ತಾಯಿ ಅಂಗಿ ಬಿಚ್ಚಿಸಿ ಕಾಲರ್ ಮೂಸುತ್ತಿದ್ದರು. ‘ತೊಟ್ಟು ಮುಟ್ಟುವ ಮೊದಲೇ ಎರಡು ವರ್ಷ ಕಳ್ಳನಾಗಿದ್ದೆ. ಆಮೇಲೆ ಕುಡಿದೆ’ ಎಂದಿದ್ದ. ಆ ತಾಯಿಯ ಭಯ ನನಗೆ ಅರ್ಥವಾಗುತ್ತದೆ, ನಿಮ್ಮದೂ ಅರ್ಥವಾಗುತ್ತದೆ. ಆದರೆ ನಿಮ್ಮ ಕೈಗೆ ಬರುವ ಆ ಜೀನ್ ಪರೀಕ್ಷೆಯ ವರದಿಯೂ ಮೂಸಿ ನೋಡಿದ ಅಂಗಿಯೇ.

ಪತ್ರಿಕೆಯವರಾದ ನಮ್ಮ ತಪ್ಪೂ ಇದೆ. ಖುಷಿಯ ಅನುಭವಕ್ಕೆ ನಂಟಿರುವ ಡೋಪಮೈನ್ ಎಂಬ ರಾಸಾಯನಿಕವನ್ನು ಮೆದುಳಿನಲ್ಲಿ ಹಿಡಿದುಕೊಳ್ಳುವ ಗ್ರಾಹಕದ ಜೀನಿನ ಒಂದು ರೂಪಾಂತರಕ್ಕೂ ಕುಡಿತಕ್ಕೂ ನಂಟಿದೆ ಎಂಬ ವರದಿ 1990ರಲ್ಲಿ ಬಂದಾಗ ಜಗತ್ತಿನ ಪತ್ರಿಕೆಗಳು ದೊಡ್ಡ ಸುದ್ದಿ ಮಾಡಿದವು. ನಂತರದ ಹಲವು ಅಧ್ಯಯನಗಳಲ್ಲಿ ಆ ನಂಟು ಕಾಣಲಿಲ್ಲ. ಅದಕ್ಕೆ ಅಷ್ಟು ಜಾಗ ಯಾರೂ ಕೊಡಲಿಲ್ಲ. ಇಂದು ಜೀನ್ ಪರೀಕ್ಷೆಗೆಂದು ಎಂಜಲು ತೆಗೆದುಕೊಂಡು ಭವಿಷ್ಯ ಮಾರುವವರ ಜಾಹೀರಾತಿಗೆ ಮಾತ್ರ ಬೇಕಾದಷ್ಟು ಜಾಗವಿದೆ. ಹದಿಹರೆಯದವರ ಕಣ್ಣಿಗೆ ಬೀಳುವಂತೆ ಮದ್ಯವನ್ನು ಮೆರೆಸುವವರನ್ನು ಕೇಳುವವರಿಲ್ಲ, ಕೂಸಿನ ರಕ್ತವನ್ನು ಮಾತ್ರ ಎಲ್ಲರೂ ವಿಚಾರಿಸುತ್ತಾರೆ!

ಒಂದು ಮಾತಿಗೆ ಬೇಸರಿಸಬೇಡಿ. ಎರಡು ಪುಟದ ಪತ್ರದಲ್ಲಿ ನಿಮ್ಮ ಯಜಮಾನರಿಗೆ ಚಿಕಿತ್ಸೆ ಕೊಡಿಸಿದ ಸುದ್ದಿಯೇ ಇಲ್ಲ. ಅವರದ್ದು ಮುಗಿದ ಕಥೆ ಎಂದು ನೀವೂ ನಂಬಿಬಿಟ್ಟಿರೇ? ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಔಷಧಗಳಿವೆ, ಆಪ್ತಸಮಾಲೋಚನೆಯಿದೆ. ಮನೆಯಲ್ಲೇ ಥಟ್ಟನೆ ಬಿಡಿಸಲು ಹೋಗಬೇಡಿ, ಬಹುಕಾಲ ಕುಡಿದವರಿಗೆ ಹಾಗೆ ಮಾಡಿದರೆ ಸೆಳವು (ಫಿಟ್ಸ್) ಬರಬಹುದು. ಪರೀಕ್ಷೆಗೆಂದು ಎತ್ತಿಟ್ಟ ಹಣದಲ್ಲಿ ಮೊದಲು ಅವರನ್ನು ವೈದ್ಯರ ಬಳಿ ಕರೆದೊಯ್ಯಿರಿ. ಎಲ್ಲಿಗೆ, ಏಕೆ ಹೋಗುತ್ತಿದ್ದೀರೆಂದು ಮಗನಿಗೂ ಹೇಳಿ.