ಐಫೋನ್ 13ಕ್ಕಾದರೆ ಸರ್ಟಿಫೈಡ್ ಕೇಬಲ್ಲೇ ತಗೊಳ್ಳಿ

ಐಫೋನ್ 13ಕ್ಕೆ ನೂರು ರೂಪಾಯಿ ಕೇಬಲ್ ಸಾಕಾ, ಆಪಲ್ ಒಪ್ಪಿಗೆ ಇರುವ ಸರ್ಟಿಫೈಡ್‌ಗೆ ಜಾಸ್ತಿ ಕೊಡಬೇಕಾ ಅಂತ ಕೇಳಿದ್ದೀರಿ. ಕೊಡಿ. ಅದರಲ್ಲೂ ನೀವು ಇರೋದು ಕಾರವಾರದಲ್ಲಿ ಅಲ್ವಾ.

ನಮ್ಮ ಮನೆಯೂ ಇಲ್ಲೇ, ಕಡಲಿಗೆ ಹತ್ತಿರ. ನಾನು ತಂದ ಅಗ್ಗದ ಕೇಬಲ್ ಒಂದು ಮಳೆಗಾಲವೂ ಬಾಳಲಿಲ್ಲ. ತುದಿಯ ಹೊಂಬಣ್ಣದ ಪಿನ್‌ಗಳಲ್ಲಿ ಒಂದು ಸುಟ್ಟ ಹಾಗೆ ಕಪ್ಪಾಯಿತು. ಮಗುಚಿ ಹಾಕಿದರೆ ಚಾರ್ಜ್ ಆಗುತ್ತಿತ್ತು, ಇನ್ನೊಂದು ಕಡೆ ಹಾಕಿದರೆ ಇಲ್ಲ. ಉಪ್ಪುಗಾಳಿ ಸರ್ಟಿಫೈಡ್ ಕೇಬಲನ್ನೂ ಬಿಡುವುದಿಲ್ಲ, ಆದರೆ ಈಗಿನದು ಎರಡನೇ ಮಳೆಗಾಲ ದಾಟಿದೆ.

ಇನ್ನೊಂದು ಕಾರಣ ಇದೆ. ಐಫೋನ್ 13ಕ್ಕೆ ಹಾಕುವ ಲೈಟ್ನಿಂಗ್ ಕೇಬಲ್ ತುದಿಯಲ್ಲಿ ಸಣ್ಣ ಚಿಪ್ ಇರುತ್ತದೆ, ಫೋನ್ ಅದರ ಗುರುತು ಕೇಳುತ್ತದೆ. ಚಿಪ್ ನಕಲಿಯಾದರೆ ಇವತ್ತು ನಡೆದದ್ದು ನಾಳೆ ನಡೆಯದೆ ಇರಬಹುದು. ಹಾಗಂತ ಆಪಲ್‌ನದೇ ಬೇಕಂತಿಲ್ಲ. ಡಬ್ಬಿ ಮೇಲೆ 'ಮೇಡ್ ಫಾರ್ ಐಫೋನ್' ಗುರುತಿರುವ ಬೇರೆ ಕಂಪನಿಯದೂ ಆಗುತ್ತದೆ, ಬೆಲೆಯೂ ಕಡಿಮೆ.

ಮನೆಯಲ್ಲಿ ಐಫೋನ್ 15 ಇದ್ದರೆ ಅದಕ್ಕೆ ಈ ಗುರುತು ಹುಡುಕಬೇಡಿ. 2023ರಲ್ಲಿ ಬಂದ ಆ ಫೋನಿಗೆ ಟೈಪ್-ಸಿ. 60 ವ್ಯಾಟಿನ ಒಳ್ಳೆಯ ಕೇಬಲ್ ಸಾಕು, 240 ವ್ಯಾಟಿನದಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ಮಳೆಗಾಲದಲ್ಲಿ ಕೇಬಲ್ ಕಿಟಕಿ ಹತ್ತಿರ ಬಿಡಬೇಡಿ. ತುದಿ ಒದ್ದೆ ಇದ್ದರೆ ಪೂರ್ತಿ ಒಣಗುವ ತನಕ ಫೋನಿಗೆ ಸಿಕ್ಕಿಸಲೇಬೇಡಿ.